ಬಳಕೆದಾರರ ಕಡೆಯ ಲೋಪ

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಅದನ್ನು ಬಳಸುವವರು ಮಾತ್ರ ಯಾರೂ ಇರಲಿಲ್ಲ. ಎದುರಿಗೆ ಸಿಕ್ಕಾಗ ಎಲ್ಲರೂ ‘ಸಾರ್’ ಎನ್ನುತ್ತಿದ್ದರು, ಬೆನ್ನು ತಿರುಗಿಸಿದ ಕೂಡಲೇ ‘ನಮ್ಕಡೆ’ ಎನ್ನುತ್ತಿದ್ದರು. ನೆಟ್‌ವರ್ಕ್ ವಿಭಾಗಕ್ಕೆ ಯಾರಾದರೂ ಫೋನು ಮಾಡಿ ದೂರು ಹೇಳಿ ಮುಗಿಸುವ ಮೊದಲೇ ಅವರ ಉತ್ತರ ಬಂದಾಗಿರುತ್ತಿತ್ತು: “ನಮ್ಕಡೆ ಎಲ್ಲಾ ಸರಿ ಇದೆ, ಆ ಕಡೆ ವಿಚಾರಿಸಿ.” ಆ ಕಡೆ ಎಂದರೆ ಯಾವ ಕಡೆ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿರುತ್ತಿದ್ದರು. ಹೀಗೆ ಇಪ್ಪತ್ತಾರು ವರ್ಷ ಕಳೆದಿದ್ದವು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ತಪ್ಪು ಅವರ ಕಡೆಯಿಂದ ಆಗಿರಲಿಲ್ಲ, ಅಂದರೆ ಕಾಗದದ ಮೇಲೆ ಆಗಿರಲಿಲ್ಲ. ಅವರಿಗೆ ಕಾಗದದಾಚೆಗೆ ಬೇರೆ ಲೋಕವಿದೆ ಎಂಬ ಅನುಮಾನವೂ ಇದ್ದಂತಿರಲಿಲ್ಲ.

ಹುಟ್ಟಿದಾಗಿನಿಂದಲೇ ಹೀಗಿದ್ದರು ಎಂದರೆ ಅನ್ಯಾಯವಾದೀತು. ಮೂವತ್ತನೇ ವಯಸ್ಸಿನಲ್ಲಿ ಅದೇ ಆಸ್ಪತ್ರೆಗೆ ಟೆಲಿಫೋನ್ ತಂತಿ ಎಳೆಯುವ ಕೆಲಸಕ್ಕೆ ಸೇರಿದಾಗ ಅವರು ನೆಟ್ಟಗೇ ಇದ್ದರು. ತಂತಿ ಕಡಿದಿದ್ದರೆ ಕಡಿದಿದೆ ಎನ್ನುತ್ತಿದ್ದರು, ಏಣಿ ಹತ್ತಿ ಜೋಡಿಸುತ್ತಿದ್ದರು, ಇಳಿದು ಬಂದು ಚಹಾ ಕುಡಿಯುತ್ತಿದ್ದರು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ದಿನ ಶಸ್ತ್ರಚಿಕಿತ್ಸೆ ಕೋಣೆಯ ಫೋನು ಸತ್ತುಹೋಯಿತು. ಯಾರೂ ಕೇಳದಿದ್ದರೂ ಇವರು ತಾವಾಗಿಯೇ ಹೋಗಿ, ತಂತಿಯನ್ನು ಅದಲುಬದಲಾಗಿ ಜೋಡಿಸಿದ್ದು ನಾನೇ ಎಂದು ಒಪ್ಪಿಕೊಂಡರು. ಆಗಿನ ಮುಖ್ಯಸ್ಥರು ಇಡೀ ಸಿಬ್ಬಂದಿಯನ್ನು ಕಾರಿಡಾರಿನಲ್ಲಿ ಸೇರಿಸಿ, ಇವರನ್ನು ನಡುವೆ ನಿಲ್ಲಿಸಿ, ಅರ್ಧ ಗಂಟೆ ಬಾಯಿಗೆ ಬಂದಂತೆ ಬೈದರು. ಅದೇ ವಾರ ತಪ್ಪು ಮಾಡಿಯೂ ಬಾಯಿ ಬಿಡದ ಇನ್ನೊಬ್ಬನಿಗೆ ಬಡ್ತಿ ಸಿಕ್ಕಿತು. ಇವರು ದಡ್ಡರೇನಲ್ಲ, ಪಾಠ ಕಲಿತರು. ಆ ದಿನದಿಂದ ಕೈ ಕೊಳೆ ಮಾಡಿಕೊಳ್ಳುವುದಕ್ಕಿಂತ ಕೈ ತೊಳೆದುಕೊಳ್ಳುವುದರಲ್ಲೇ ಅವರು ಪಳಗಿದರು.

ಅಭ್ಯಾಸ ಮನೆಯೊಳಗೂ ಕಾಲಿಟ್ಟಿತ್ತು. ಬಚ್ಚಲಿನ ನಲ್ಲಿ ಸೋರಿದರೆ ನಲ್ಲಿ ಸರಿಯಾಗೇ ಇದೆ, ಟ್ಯಾಂಕಿನ ಕಡೆ ಒತ್ತಡ ಜಾಸ್ತಿ ಎನ್ನುತ್ತಿದ್ದರು. ಊಟಕ್ಕೆ ತಡವಾಗಿ ಬಂದರೆ ಬಸ್ಸಿನ ಕಡೆ ಲೋಪ. ಮದುವೆಯಾಗಿ ಇಪ್ಪತ್ತೈದು ವರ್ಷವಾದ ದಿನ ಅದನ್ನು ಮರೆತದ್ದಕ್ಕೂ ಅವರ ಬಳಿ ಒಂದು ‘ಆ ಕಡೆ’ ಇತ್ತು. ಹೆಂಡತಿ ನಕ್ಕು, ಇವರನ್ನು ಕಟ್ಟಿಕೊಂಡದ್ದು ಮಾತ್ರ ಖಂಡಿತ ನನ್ನ ಕಡೆಯ ತಪ್ಪು ಎಂದು ಬಂದವರೆದುರು ಹೇಳುತ್ತಿದ್ದಳು. ಮಗಳು ಮಾತ್ರ ಅಪ್ಪನ ಮಾತನ್ನು ಪೂರ್ತಿ ನಂಬಿ ಬೆಳೆದವಳು. ಓದು ಮುಗಿಸಿ ಅದೇ ಆಸ್ಪತ್ರೆಯ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳು ಕಳೆದರೆ ಕೆಲಸ ಕಾಯಂ. ಮನೆಯಲ್ಲಿ ಆ ದಿನಕ್ಕಾಗಿ ಮೂವರೂ ಬೆರಳೆಣಿಸುತ್ತಿದ್ದರು.

ಆಸ್ಪತ್ರೆಯಲ್ಲಿ ನಮ್ಕಡೆಯವರಿಗೆ ಸರಿಸಾಟಿ ಒಬ್ಬರೇ ಒಬ್ಬರು. ಅವರು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಸರ್ವರ್ ಕೋಣೆಯ ಯಜಮಾನರು. ಜನ ಇಟ್ಟ ಹೆಸರು ‘ದಾಖಲೆ’. ಸರ್ವರ್ ಕೆಮ್ಮಿದರೂ ಸೀನಿದರೂ ಅದನ್ನು ಪ್ರಿಂಟು ತೆಗೆದು, ತಾರೀಖು ಹಾಕಿ, ಕೆಂಪು ಗೆರೆ ಎಳೆದು, ಕಪಾಟಿನಲ್ಲಿಟ್ಟು ಬೀಗ ಹಾಕುವವರು. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಇಪ್ಪತ್ತು ವರ್ಷದಿಂದ ಒಬ್ಬರು ರೂಟರ್ ಸರಿ ಇದೆ ಎನ್ನುತ್ತಿದ್ದರು, ಇನ್ನೊಬ್ಬರು ಸರ್ವರ್ ಸರಿ ಇದೆ ಎನ್ನುತ್ತಿದ್ದರು. ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಹಾಗಾದರೆ ತಪ್ಪಿದ್ದದ್ದು ಎಲ್ಲಿ ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ ನಡುವಿನ ಗಾಳಿಯತ್ತ ನೋಡುತ್ತಿದ್ದರು.

ಆ ವರ್ಷ ಪ್ರಯೋಗಾಲಯವನ್ನು ಹೊಸ ಕಟ್ಟಡಕ್ಕೆ ಸಾಗಿಸಿದರು. ಬಿಳಿ ಗೋಡೆ, ಹೊಳೆಯುವ ನೆಲ, ರಕ್ತ ಪರೀಕ್ಷಿಸುವ ದೊಡ್ಡ ಯಂತ್ರ, ಮೂವತ್ತು ಕಂಪ್ಯೂಟರು. ಎಲ್ಲವೂ ಇತ್ತು. ಒಂದೇ ಕೊರತೆಯೆಂದರೆ ಯಾವ ಕಂಪ್ಯೂಟರಿಗೂ ನೆಟ್‌ವರ್ಕಿನಲ್ಲಿ ವಿಳಾಸವಾಗಬೇಕಾದ ನಂಬರ್ ಸಿಗಲಿಲ್ಲ.

ಇದು ಹೇಗೆ ಸಿಗಬೇಕಿತ್ತು ಎಂದು ಹೇಳಿಬಿಡುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಯಾರೂ ಯಾರಿಗೂ ಹೇಳದೆ ಹನ್ನೊಂದು ದಿನ ಹಾಳಾದವು. ಕಂಪ್ಯೂಟರ್ ಎದ್ದ ಕೂಡಲೇ ‘ಯಾರಾದರೂ ನನಗೊಂದು ನಂಬರ್ ಕೊಡಿ’ ಎಂದು ಕೂಗುತ್ತದೆ. ಆ ಕೂಗು ತನ್ನ ಕಟ್ಟಡದ ಬಾಗಿಲು ದಾಟುವುದಿಲ್ಲ. ನಂಬರ್ ಹಂಚುವ ಸರ್ವರ್ ಇರುವುದು ಹಳೇ ಕಟ್ಟಡದಲ್ಲಿ. ಹಾಗಾಗಿ ಬಾಗಿಲಲ್ಲಿ ಕೂತ ರೂಟರ್ ಆ ಕೂಗನ್ನು ಕೇಳಿಸಿಕೊಂಡು, ಇಂಥ ಬಾಗಿಲಿಂದ ಬಂದದ್ದು ಎಂದು ಷರಾ ಬರೆದು, ಸರ್ವರಿಗೆ ದಾಟಿಸಬೇಕು. ಸರ್ವರ್ ಷರಾ ನೋಡಿ, ಆ ಬಾಗಿಲಿಗೆಂದು ಮೀಸಲಿಟ್ಟ ನಂಬರುಗಳಲ್ಲಿ ಒಂದನ್ನು ಅದೇ ಬಾಗಿಲಿಗೆ ವಾಪಸು ಕಳಿಸಬೇಕು. ಇದಕ್ಕೆ ಡಿಎಚ್‌ಸಿಪಿ ರಿಲೇ ಎಂದು ಹೆಸರು. ಹೆಸರು ಬಾಯ್ತುಂಬ ಇದ್ದರೂ ರೂಟರಿನಲ್ಲಿ ಅದು ಒಂದೇ ಒಂದು ಸಾಲು: ಕೂಗನ್ನು ಯಾವ ವಿಳಾಸಕ್ಕೆ ದಾಟಿಸಬೇಕು ಎಂಬುದು.

ಮೊದಲ ದಿನ ದೂರು ಬಂದಾಗ ನಮ್ಕಡೆಯವರು ಕೂತಲ್ಲಿಂದಲೇ ರೂಟರಿನ ದೀಪ ಹಸಿರಾಗಿರುವುದನ್ನು ಪರದೆಯಲ್ಲಿ ನೋಡಿದರು. ‘ರೂಟರ್ ಕೋರಿಕೆಗಳನ್ನು ಸರಿಯಾಗಿ ದಾಟಿಸುತ್ತಿದೆ. ಸರ್ವರ್ ಪರಿಶೀಲಿಸಿ’ ಎಂದು ಬರೆದು, ಸಹಿ ಮಾಡಿ, ಚಹಾಕ್ಕೆ ಹೋದರು. ಎರಡನೇ ದಿನ ಬೆಳಿಗ್ಗೆ ಬೇರೇನೋ ಹುಡುಕುತ್ತಿದ್ದಾಗ ಆ ಸಾಲು ಕಣ್ಣಿಗೆ ಬಿತ್ತು. ಅದರಲ್ಲಿದ್ದ ವಿಳಾಸ ತಪ್ಪಾಗಿತ್ತು.

ನಾಲ್ಕು ತಿಂಗಳ ಹಿಂದೆ ಹಳೇ ಸರ್ವರ್ ತೆಗೆದು ಹೊಸದನ್ನು ಕೂರಿಸಿದ್ದರು, ಅದಕ್ಕೆ ಹೊಸ ವಿಳಾಸ ಕೊಟ್ಟಿದ್ದರು. ನಮ್ಕಡೆಯವರು ಎಲ್ಲ ರೂಟರುಗಳಲ್ಲೂ ಆ ವಿಳಾಸ ಬದಲಾಯಿಸಿ, ಇನ್ನು ಎಲ್ಲಿಯೂ ಹಳೆಯದು ಉಳಿದಿಲ್ಲ ಎಂದು ಸಹಿ ಹಾಕಿದ ಸುತ್ತೋಲೆಯನ್ನೂ ಹೊರಡಿಸಿದ್ದರು. ಆಮೇಲೆ ಹೊಸ ಕಟ್ಟಡದ ರೂಟರಿಗೆ ಸಾಲುಗಳನ್ನು ಬರೆಯುವಾಗ ಸೋಮಾರಿತನ ಮಾಡಿ ಯಾವುದೋ ಹಳೇ ಕಡತದಿಂದ ಎತ್ತಿ ಅಂಟಿಸಿದ್ದರು. ಅಂದರೆ ಹೊಸ ಕಟ್ಟಡದ ಅಷ್ಟೂ ಕಂಪ್ಯೂಟರುಗಳ ಕೂಗನ್ನು ರೂಟರ್ ಬಲು ನಿಷ್ಠೆಯಿಂದ, ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಸತ್ತ ಸರ್ವರಿನ ವಿಳಾಸಕ್ಕೆ ದಾಟಿಸುತ್ತಿತ್ತು. ಅವರು ಬರೆದುಕೊಟ್ಟದ್ದು ಸುಳ್ಳೇನಲ್ಲ. ರೂಟರ್ ದಾಟಿಸುತ್ತಲೇ ಇತ್ತು.

ಸರಿಪಡಿಸಲು ಅರ್ಧ ನಿಮಿಷ ಸಾಕಿತ್ತು. ಆದರೆ ನೆಲಮಾಳಿಗೆಯಲ್ಲಿ ದಾಖಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು. ಸರ್ವರನ್ನು ಯಾರೂ ಮುಟ್ಟದೆ ಹೊಸ ಕಟ್ಟಡಕ್ಕೆ ನಂಬರ್ ಹೋಗತೊಡಗಿದರೆ ತಪ್ಪು ಯಾವ ಕಡೆಯದೆಂದು ಮಗುವಿಗೂ ಗೊತ್ತಾಗುತ್ತದೆ. ಆದ್ದರಿಂದ ನಮ್ಕಡೆಯವರು ಒಂದು ಉಪಾಯ ಮಾಡಿದರು. ಈ ಕಸುಬಿನಲ್ಲಿ ನುರಿತವರಿಗೆ ಮಾತ್ರ ಹೊಳೆಯುವಂಥದು. ದಾಖಲೆ ಒಮ್ಮೆ ಸರ್ವರನ್ನು ರೀಸ್ಟಾರ್ಟ್ ಮಾಡಲಿ. ಅದು ಮಲಗಿ ಏಳುವ ನಾಲ್ಕೈದು ನಿಮಿಷದಲ್ಲಿ ತಾನು ಸದ್ದಿಲ್ಲದೆ ಸಾಲು ತಿದ್ದಿಬಿಟ್ಟರಾಯಿತು. ಸರ್ವರ್ ಎದ್ದ ಮೇಲೆ ಸರಿಹೋಯಿತು ಎಂದು ಲೋಕ ತಾನಾಗಿಯೇ ತಿಳಿಯುತ್ತದೆ. ಹೀಗೆಂದುಕೊಂಡು ದಿನಕ್ಕೊಂದು ಪತ್ರ ಬರೆಯತೊಡಗಿದರು: ದಯವಿಟ್ಟು ಸರ್ವರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ದಾಖಲೆಯವರೇನು ಕಿವಿಗೆ ಹೂವು ಇಟ್ಟುಕೊಂಡು ಕೂತಿದ್ದರೇ? ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋದರೆ ಗೂಬೆ ತಮ್ಮ ತಲೆ ಮೇಲೆಯೇ ಕೂರುತ್ತದೆಂದು ಅವರಿಗೂ ಗೊತ್ತು. ಸರ್ವರ್ ಸರಿ ಇದೆ, ಸರಿ ಇರುವುದನ್ನು ರೀಸ್ಟಾರ್ಟ್ ಮಾಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಪ್ರತಿ ಪತ್ರಕ್ಕೂ ಉತ್ತರ ಬರೆದರು. ಜಪ್ಪಯ್ಯ ಅಂದರೂ ಸರ್ವರಿಗೆ ಕೈ ಹಚ್ಚಲಿಲ್ಲ. ಇಬ್ಬರು ಹಿರಿಯರು, ಸೇರಿಸಿದರೆ ಅರ್ಧ ಶತಮಾನದ ಅನುಭವದವರು, ಯಾರು ಮೊದಲು ರೆಪ್ಪೆ ಮಿಟುಕಿಸುತ್ತಾರೆ ನೋಡೋಣ ಎಂದು ಕೂತುಬಿಟ್ಟರು. ಮೇಲಿನ ಮಹಡಿಯಲ್ಲಿ ರೋಗಿಗಳು ರಕ್ತ ಕೊಟ್ಟು ಕಾಯುತ್ತಿದ್ದರು.

ನಾಲ್ಕನೇ ದಿನ ಸಂಜೆ ಮಗಳು ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ಕೂತಳು. ಯಂತ್ರ ಪರೀಕ್ಷೆ ಮಾಡುತ್ತದೆ, ಆದರೆ ಫಲಿತಾಂಶ ವಾರ್ಡಿಗೆ ಹೋಗುವುದಿಲ್ಲ, ಚಿಕ್ಕ ಪರದೆ ನೋಡಿ ದಿನಕ್ಕೆ ಮುನ್ನೂರು ಚೀಟಿ ಕೈಯಲ್ಲಿ ಬರೆದು ಕೊಡಬೇಕು, ಬರೆಯುವವಳು ತಾನೊಬ್ಬಳೇ ಎಂದು ಹೇಳಿಕೊಂಡಳು.

“ಅಪ್ಪಾ, ಆ ಯಂತ್ರಕ್ಕಾದರೂ ಒಂದು ನಂಬರ್ ಕೈಯಾರೆ ಹಾಕಿಕೊಡೋಕಾಗಲ್ವಾ? ಬೇರೆ ಆಸ್ಪತ್ರೆಗಳಲ್ಲಿ ಹಾಗೆ ಮಾಡ್ತಾರಂತೆ.”

ಆಗುತ್ತಿತ್ತು. ಐದು ನಿಮಿಷದ ಕೆಲಸ. ಆದರೆ ಕೈಯಾರೆ ನಂಬರ್ ಕೊಟ್ಟರೆ ತಾನಾಗಿ ಬರುತ್ತಿಲ್ಲವೆಂದು ಒಪ್ಪಿಕೊಂಡಂತೆ.

“ನಮ್ಕಡೆ ಎಲ್ಲಾ ಸರಿ ಇದೆ ಮಗಾ,” ಎಂದರು. “ಆ ಸರ್ವರ್ ಮನುಷ್ಯನಿಗೆ ಹೇಳು, ಒಂದ್ಸಲ ರೀಸ್ಟಾರ್ಟ್ ಮಾಡ್ಲಿ.”

ಮಗಳು ನಂಬಿದಳು. ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಳು. ಮಾರನೇ ದಿನ, ಅಂದರೆ ಐದನೇ ದಿನ, ಅಕ್ಕಪಕ್ಕದ ಎರಡು ರಕ್ತದ ಕೊಳವೆಗಳ ಫಲಿತಾಂಶ ಬರೆಯುವಾಗ ಈ ಚೀಟಿಯದು ಆ ಚೀಟಿಗೆ ಹೋಯಿತು. ಸಕ್ಕರೆಯ ಕಾಯಿಲೆಯೇ ಇಲ್ಲದ ಅಜ್ಜಿಯೊಬ್ಬರಿಗೆ ಸಕ್ಕರೆ ಇಳಿಸುವ ಚುಚ್ಚುಮದ್ದು ಕೊಟ್ಟರು. ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ಕತ್ತಲಿಟ್ಟು ಬಚ್ಚಲ ಬಾಗಿಲಲ್ಲಿ ಬಿದ್ದರು. ಬಲಗೈಯ ಮುಂಗೈ ಮೂಳೆ ಮುರಿಯಿತು. ಪ್ರಾಣಕ್ಕೇನೂ ಆಗಲಿಲ್ಲ ಎಂದು ಎಲ್ಲರೂ ಸಮಾಧಾನ ಪಟ್ಟುಕೊಂಡರು, ಅಜ್ಜಿಯೊಬ್ಬರನ್ನು ಬಿಟ್ಟು. ಯಾಕೆ ಬಿದ್ದರು ಎಂಬುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ.

ಹನ್ನೊಂದನೇ ದಿನ ಎಲ್ಲ ಸರ್ವರುಗಳಿಗೂ ಕಡ್ಡಾಯವಾಗಿ ಏನೋ ಹೊಸದನ್ನು ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ದಾಖಲೆ ಹಲ್ಲು ಕಡಿಯುತ್ತ ಸರ್ವರನ್ನು ರೀಸ್ಟಾರ್ಟ್ ಮಾಡಿದರು. ನಮ್ಕಡೆಯವರು ಆಗ ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು. ಬಲಗೈ ಎಂಜಲಾಗಿತ್ತು. ತೊಳೆದುಕೊಂಡು ಬರುವಷ್ಟು ಪುರುಸೊತ್ತಿರಲಿಲ್ಲ. ಎಡಗೈಯ ಒಂದೇ ಬೆರಳಲ್ಲಿ ಆ ಸಾಲನ್ನು ತಿದ್ದಿದರು. ತಿದ್ದಿದ ಗುರುತು ರೂಟರಿನ ನೆನಪಿನಲ್ಲಿ ಉಳಿಯಬಾರದೆಂದು ಅದನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿದರು. ತಮ್ಮ ಕಂಪ್ಯೂಟರಿನಲ್ಲಿದ್ದ ಹಳೇ ಪ್ರತಿಯ ಮೇಲೆ ಹೊಸದನ್ನು ಬರೆದರು. ಆಮೇಲೆ ನೆಮ್ಮದಿಯಿಂದ ಮಜ್ಜಿಗೆ ಕುಡಿದರು. ಹೊಸ ಕಟ್ಟಡದಲ್ಲಿ ಮೂವತ್ತು ಕಂಪ್ಯೂಟರುಗಳೂ ನಂಬರ್ ಪಡೆದುಕೊಂಡವು.

ಸರ್ವರ್ ರೀಸ್ಟಾರ್ಟ್ ಆದ ಮೇಲೆ ತೊಂದರೆ ನಿವಾರಣೆಯಾಗಿದೆ ಎಂದು ಇವರು ವರದಿ ಬರೆದರು. ದಾಖಲೆ ಉರಿದುಬಿದ್ದರು. ಆಸ್ಪತ್ರೆಯ ಅಧೀಕ್ಷಕಿ ಜಗಳ ಬಿಡಿಸುವುದೇ ತಮ್ಮ ವೈದ್ಯ ಶಾಸ್ತ್ರವೆಂದುಕೊಂಡಿದ್ದ ಹಿರಿಯ ಡಾಕ್ಟರು. ಅವರು ಇಬ್ಬರನ್ನೂ ಕೂರಿಸಿಕೊಂಡು ಎರಡು ಗಂಟೆ ತಲೆ ಚಚ್ಚಿಕೊಂಡರು. ಕೊನೆಗೆ ಇಬ್ಬರೂ ಒಪ್ಪುವಂಥ ಒಂದು ಕಾಗದ ತಯಾರಾಯಿತು. ರೂಟರ್ ಕಡೆ ಲೋಪವಿಲ್ಲ, ಸರ್ವರ್ ಕಡೆಯೂ ಲೋಪವಿಲ್ಲ ಎಂದು ಬರೆದಾದ ಮೇಲೆ, ಹಾಗಾದರೆ ತೊಂದರೆಯಾದದ್ದು ಯಾಕೆ ಎಂಬ ಪ್ರಶ್ನೆ ಉಳಿಯಿತು. ಕೋಣೆಯಲ್ಲಿ ಇಲ್ಲದವರ ಮೇಲೆ ಹೊರಿಸುವುದು ಸುಲಭ. ‘ಹೊಸ ಯಂತ್ರವನ್ನು ಸರಿಯಾಗಿ ಬಳಸಲು ಬಾರದ ಕಾರಣ, ಬಳಕೆದಾರರ ಕಡೆಯ ಲೋಪ’ ಎಂಬ ವಾಕ್ಯವನ್ನು ಸೂಚಿಸಿದ್ದು ನಮ್ಕಡೆಯವರೇ. ದಾಖಲೆ ತಕರಾರಿಲ್ಲದೆ ಸಹಿ ಹಾಕಿದರು. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಒಪ್ಪಿಕೊಂಡ ಮೊದಲ ವಾಕ್ಯ ಅದು.

ಬಳಕೆದಾರರು ಎಂದರೆ ಯಾರು ಎಂದು ನಮ್ಕಡೆಯವರು ಯೋಚಿಸಿರಲಿಲ್ಲ. ಅವರ ಲೆಕ್ಕದಲ್ಲಿ ಬಳಕೆದಾರರೆಂದರೆ ಫೋನಿನ ಆ ತುದಿಯಲ್ಲಿ ಗೊಣಗುವ ಒಂದು ಸದ್ದು, ಅಷ್ಟೇ.

ಆ ಸದ್ದಿನ ಮುಖ ಕಂಡದ್ದು ಮೂರು ವಾರದ ನಂತರ. ಅಜ್ಜಿ ಬಿದ್ದ ಕಾರಣ ಹುಡುಕುತ್ತ ಹೋದವರಿಗೆ ಅದಲುಬದಲಾದ ಚೀಟಿಗಳು ಸಿಕ್ಕಿದವು, ಚೀಟಿಯಲ್ಲಿದ್ದ ಕೈಬರಹ ಸಿಕ್ಕಿತು. ಮಗಳು ಕೆಲಸದಿಂದ ಬಂದು ಒಂದು ಕಾಗದವನ್ನು ಅಪ್ಪನ ಮುಂದೆ ಊಟದ ಮೇಜಿನ ಮೇಲಿಟ್ಟಳು. ಯಂತ್ರಕ್ಕೆ ನೆಟ್‌ವರ್ಕ್ ಇರಲಿಲ್ಲ, ಅದಕ್ಕೇ ಕೈಯಲ್ಲಿ ಬರೆದೆ ಎಂಬ ಅವಳ ಹೇಳಿಕೆಯನ್ನು ವಿಚಾರಣಾ ಸಮಿತಿ ತಳ್ಳಿಹಾಕಿತ್ತು. ನೆಟ್‌ವರ್ಕಿನಲ್ಲಿ ಲೋಪವೇ ಇರಲಿಲ್ಲವೆಂದು ಎರಡೂ ವಿಭಾಗದ ಮುಖ್ಯಸ್ಥರು ಬರೆದುಕೊಟ್ಟಿದ್ದಾರೆ. ಆಕೆ ಯಂತ್ರ ಬಳಸಲು ಬಾರದವಳು, ಮೇಲಾಗಿ ಸುಳ್ಳು ಹೇಳುವವಳು. ಕೆಲಸ ಕಾಯಂ ಮಾಡುವ ಮಾತಿರಲಿ, ತೆಗೆದುಹಾಕಬಾರದೇಕೆ ಎಂಬುದಕ್ಕೆ ವಾರದೊಳಗೆ ಉತ್ತರ ಕೊಡಬೇಕಿತ್ತು.

“ಸಹಿ ನಿಮ್ಮದೇ ಅಲ್ವಾ ಅಪ್ಪಾ,” ಎಂದಳು. ಅವಳದು ಪ್ರಶ್ನೆಯೂ ಅಲ್ಲ, ಸಿಟ್ಟೂ ಅಲ್ಲ. ಅಪ್ಪ ತನಗೊಂದು ದಾರಿ ತೋರಿಸುತ್ತಾನೆ ಎಂದು ಕಾಯುತ್ತಿದ್ದಳು.

ನಮ್ಕಡೆಯವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸು ಹಾಕಿದರು. ಹೆಂಡತಿ ಇವರ ಮುಖ ನೋಡಿದಳು, ಮಗಳ ಮುಖ ನೋಡಿದಳು. ಅವತ್ತು ಅವಳಿಗೂ ನಗು ಬರಲಿಲ್ಲ.

ಮಾರನೇ ದಿನ ಅವರು ಸಮಿತಿಯ ಮುಂದೆ ಹೋಗಿ ನಿಂತರು. ಅಧೀಕ್ಷಕಿ ನಡುವೆ, ಅಕ್ಕಪಕ್ಕ ಇಬ್ಬರು ಡಾಕ್ಟರು. ತಪ್ಪು ರೂಟರಿನಲ್ಲಿತ್ತು, ನಾನೇ ಮಾಡಿದ್ದೆ, ನಾನೇ ಸರಿಪಡಿಸಿದೆ ಎಂದು ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಿಜ ಹೇಳಿದರು. ನಾಲಿಗೆ ತೊದಲಿತು. ಅಭ್ಯಾಸವಿಲ್ಲದ ಕೆಲಸ, ಪಾಪ.

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧೀಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನಗೂ ಮಗಳಿದಾಳೆ ಸಾರ್,” ಎಂದರು. “ಅವಳಿಗೋಸ್ಕರ ನಾನೂ ಸುಳ್ಳು ಹೇಳ್ತಿದ್ದೆ. ಆದರೆ ನೀವು ತಪ್ಪು ಮಾಡೋರಲ್ಲ. ನಿಮ್ಮ ಕಡೆ ಯಾವತ್ತಾದರೂ ತಪ್ಪಾಗಿದ್ಯಾ? ಹೋಗಿ, ಸ್ವಲ್ಪ ನೀರು ಕುಡಿದು ಸುಧಾರಿಸಿಕೊಳ್ಳಿ.”

ಪುರಾವೆ ಕೊಡುತ್ತೇನೆಂದರು ಇವರು. ಕೊಡಿ ಎಂದರು ಅವರು. ತಮ್ಮ ಕೋಣೆಗೆ ಓಡಿ ಹೋಗಿ ಹುಡುಕಿದರೆ ಎಲ್ಲಿದೆ ಪುರಾವೆ? ರೂಟರಿನ ನೆನಪನ್ನು ಅಳಿಸಿದ್ದರು. ಹಳೇ ಪ್ರತಿಯನ್ನು ಅಳಿಸಿದ್ದರು. ಎಷ್ಟು ಚೊಕ್ಕಟವಾಗಿ ತಿಪ್ಪೆ ಸಾರಿಸಿದ್ದರೆಂದರೆ ತಮ್ಮ ಕೆಲಸದ ಅಚ್ಚುಕಟ್ಟಿಗೆ ತಾವೇ ತಲೆ ಮೇಲೆ ಕೈ ಹೊತ್ತು ಕೂತರು. ಕದ್ದವನೇ ಕದ್ದೆ ಎಂದು ಬೊಬ್ಬೆ ಹೊಡೆದರೂ ಒಪ್ಪುವವರಿಲ್ಲ. ಆಗ ಒಂದು ಸಂಗತಿ ನೆನಪಾಯಿತು. ಆಸ್ಪತ್ರೆಯ ಪ್ರತಿಯೊಂದು ರೂಟರಿನ ಸಾಲುಗಳ ಪ್ರತಿ ವಾರಕ್ಕೊಮ್ಮೆ ತಾನಾಗಿಯೇ ಸರ್ವರಿಗೆ ಹೋಗಿ ಸೇರುವಂತೆ ಎಷ್ಟೋ ವರ್ಷದ ಹಿಂದೆ ವ್ಯವಸ್ಥೆಯಾಗಿತ್ತು. ಅಂದರೆ ಪುರಾವೆ ಇದ್ದದ್ದು ನೆಲಮಾಳಿಗೆಯಲ್ಲಿ, ಜಗತ್ತಿನಲ್ಲೇ ಅವರು ಕೈಯೊಡ್ಡಬಾರದೆಂದುಕೊಂಡಿದ್ದ ಏಕೈಕ ಮನುಷ್ಯನ ಹತ್ತಿರ.

ಸರ್ವರ್ ಕೋಣೆಯಲ್ಲಿ ಸದಾ ಚಳಿ. ದಾಖಲೆ ಸ್ವೆಟರ್ ಹಾಕಿಕೊಂಡು ಕಾಗದಗಳಿಗೆ ತೂತು ಹೊಡೆಯುತ್ತ ಕೂತಿದ್ದರು. ನಮ್ಕಡೆಯವರು ಒಳಗೆ ಕಾಲಿಟ್ಟದ್ದು ಏಳು ವರ್ಷದ ನಂತರ. ಕೂರಿ ಎನ್ನಲಿಲ್ಲ ಅವರು, ಇವರೂ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ದಾಖಲೆ ಎದ್ದು, ಕಪಾಟಿನ ಬೀಗ ತೆಗೆದು, ಕೆಳಗಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದರು. ಅದರೊಳಗೆ ಹೊಸ ಕಟ್ಟಡದ ರೂಟರಿನ ಪ್ರತಿ. ಸತ್ತ ಸರ್ವರಿನ ವಿಳಾಸದ ಕೆಳಗೆ ಕೆಂಪು ಗೆರೆ, ಎರಡು ಸಲ ಎಳೆದದ್ದು. ಮೂಲೆಯಲ್ಲಿ ತಾರೀಖು: ತೊಂದರೆ ಶುರುವಾದ ನಾಲ್ಕನೇ ದಿನ.

“ನಿಮಗೆ ಮೊದಲೇ ಗೊತ್ತಿತ್ತು,” ಎಂದರು ನಮ್ಕಡೆಯವರು.

“ಗೊತ್ತಿತ್ತು. ನೀವು ರಿಟೈರ್ ಆಗೋ ದಿನ ಎಲ್ಲರ ಮುಂದೆ ಓದೋಣ ಅಂತ ಇಟ್ಟಿದ್ದೆ,” ಎಂದರು ದಾಖಲೆ, ನಾಚಿಕೆಯೇನೂ ಇಲ್ಲದೆ. “ಇನ್ನೆರಡು ವರ್ಷ ಕಾಯೋಕೆ ತಯಾರಿದ್ದೆ. ಈಗ ಕೊಡಿ ಅಂತ ನೀವೇ ಬಂದು ನಿಂತ್ಕೊಂಡ್ರೆ ಏನ್ ಮಜಾ ಇದೆ ಹೇಳಿ?”

ಆದರೂ ಕೊಟ್ಟರು. ಸುಮ್ಮನೆ ಕೊಡಲಿಲ್ಲ. ತಪ್ಪು ತಮ್ಮ ಕಡೆಯದೇ ಎಂದು ಇವರ ಕೈಬರಹದಲ್ಲಿ ಬೇಕೆಂದರು. ಇವರು ಬರೆದರು. ದಾಖಲೆ ಓದಿ, ‘ಆಗಿರಬಹುದು’ ಎಂಬುದನ್ನು ಹೊಡೆದುಹಾಕಿ ‘ಆಗಿದೆ’ ಎಂದು ಬರೆಸಿದರು. ‘ಕಣ್ತಪ್ಪಿನಿಂದ’ ಎಂಬ ಮಾತು ಅವರಿಗೆ ಹಿಡಿಸಲಿಲ್ಲ, ‘ಅಜಾಗರೂಕತೆಯಿಂದ’ ಎಂದು ತಿದ್ದಿಸಿದರು. ಒಂದು ಹುಡುಗಿಯ ಅನ್ನ ಹೋಗುವ ಹೊತ್ತಿನಲ್ಲೂ ಇಬ್ಬರು ಮುದುಕರು ಶಬ್ದಗಳಿಗೆ ಚೌಕಾಶಿ ಮಾಡಿದರು. ‘ಲೋಪವು ಹನ್ನೊಂದನೇ ದಿನ ಗಮನಕ್ಕೆ ಬಂದು ಕೂಡಲೇ ಸರಿಪಡಿಸಲಾಯಿತು’ ಎಂಬ ಸಾಲನ್ನು ಮಾತ್ರ ಇವರು ತಾವಾಗಿಯೇ ಸೇರಿಸಿದರು. ದಾಖಲೆಯ ಪೆನ್ನು ಅದರ ಮೇಲೆ ಒಂದು ಕ್ಷಣ ನಿಂತಿತು. ಎರಡನೇ ದಿನದ ಮಾತು ಎತ್ತಿದರೆ ತಮ್ಮ ನಾಲ್ಕನೇ ದಿನದ ಮಾತೂ ಏಳುತ್ತದೆ. ಪೆನ್ನು ಮುಂದಿನ ಸಾಲಿಗೆ ಹೋಯಿತು. ಸಮಿತಿಗೆಂದು ಆ ಪ್ರತಿಯ ಹೊಸ ಪ್ರಿಂಟು ತೆಗೆದುಕೊಟ್ಟರು; ಅದರಲ್ಲಿ ಕೆಂಪು ಗೆರೆ ಇರಲಿಲ್ಲ.

ಸಮಿತಿ ಒಪ್ಪಿತು. ಮಗಳಿಗೆ ಚೀಟಿ ಅದಲುಬದಲು ಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಟರು, ಕೆಲಸ ಉಳಿಯಿತು, ಮುಂದೆ ಕಾಯಂ ಕೂಡ ಆಯಿತು. ನಮ್ಕಡೆಯವರ ಸೇವಾ ಪುಸ್ತಕದಲ್ಲಿ ಮೊದಲ ಕಪ್ಪು ಚುಕ್ಕೆ ಬಿತ್ತು; ವಿಭಾಗದ ಮುಖ್ಯಸ್ಥರ ಕುರ್ಚಿ ಬೇರೆಯವರಿಗೆ ಹೋಯಿತು. ಅವರಿಗೆ ಅಂಥ ದುಃಖವೇನೂ ಆಗಲಿಲ್ಲ. ಮಗಳಿಗಾಗಿ ಮೀಸೆ ಮಣ್ಣು ಮಾಡಿಕೊಂಡ ತ್ಯಾಗಮಯಿ ಅಪ್ಪ ಎಂದು ಕ್ಯಾಂಟೀನಿನಲ್ಲಿ ಜನ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಾಗ ಎದೆ ಸ್ವಲ್ಪ ಉಬ್ಬಿತು ಕೂಡ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇಷ್ಟು ಹೆಸರಿದೆ ಎಂದು ಗೊತ್ತಿದ್ದರೆ ವರ್ಷಕ್ಕೊಂದಾದರೂ ಒಪ್ಪಿಕೊಳ್ಳಬಹುದಿತ್ತು ಅನ್ನಿಸಿತು.

ಆ ಗಾಳಿ ಹೆಚ್ಚು ದಿನ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಗಳು ಚಹಾ ಹಿಡಿದು ಬಂದು ಎದುರಿಗೆ ಕೂತಳು. ಸಮಿತಿಯ ಆದೇಶದ ಜೊತೆ ಅಪ್ಪ ಬರೆದುಕೊಟ್ಟ ಕಾಗದದ ಪ್ರತಿಯೂ ಅವಳಿಗೆ ಬಂದಿತ್ತು. ಅದನ್ನು ಅವಳು ಓದಿದ್ದಳು, ಒಂದು ಸಲವಲ್ಲ.

“ಅಪ್ಪಾ, ನಿಮಗೆ ನಿಜವಾಗಿ ಗೊತ್ತಾಗಿದ್ದು ಯಾವತ್ತು?”

ಹನ್ನೊಂದನೇ ದಿನ ಎನ್ನಲು ಬಾಯಿ ತೆರೆದರು. ಸಹಿ ಮಾಡಿದ ಕಾಗದವೂ ಹಾಗೇ ಹೇಳುತ್ತಿತ್ತು. ಎದುರಿಗೆ ಮಗಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಮೂರು ತಿಂಗಳ ಹಿಂದೆ ಆಗಿದ್ದರೆ ಅವರ ಮಾತನ್ನು ಅವಳು ನಂಬುತ್ತಿದ್ದಳು. ಈಗಲೂ ನಂಬಿದಂತೆ ಮಾಡುತ್ತಿದ್ದಳೇನೋ. ಅದೇ ಅವರಿಗೆ ತಡೆಯಲಾಗಲಿಲ್ಲ.

“ಎರಡನೇ ದಿನ,” ಎಂದರು.

ನಾಲ್ಕನೇ ದಿನ ಹೊಸ್ತಿಲ ಮೇಲೆ ಕೂತು ಕೇಳಿದ್ದನ್ನು, ಐದನೇ ದಿನ ಬರೆದ ಚೀಟಿಯನ್ನು ಅವಳು ಲೆಕ್ಕ ಹಾಕುತ್ತಿರುವುದು ಅವರಿಗೆ ಕಾಣುತ್ತಿತ್ತು. ಚಹಾ ಹಾಗೇ ಬಿಟ್ಟು ಎದ್ದಳು.

“ಆ ಅಜ್ಜಿ ಗುರುವಾರ ಕೈ ತೋರಿಸೋಕೆ ಬರ್ತಾರೆ. ಪ್ರತಿ ವಾರ ನಾನು ಹೋಗಿ ಕೂತ್ಕೋತೀನಿ. ಈ ವಾರ ನೀವು ಬನ್ನಿ. ನನಗೆ ಹೇಳಿದ್ದನ್ನ ಅವರಿಗೆ ಹೇಳಿ.”

ಗುರುವಾರ ಮೂಳೆ ವಿಭಾಗದ ಹೊರಗೆ ಉದ್ದನೆಯ ಬೆಂಚಿನ ಮೇಲೆ ಅಜ್ಜಿ ಒಬ್ಬರೇ ಕೂತಿದ್ದರು. ಪಟ್ಟಿ ಬಿಚ್ಚಿದ ಬಲಗೈ ಇನ್ನೂ ಊದಿತ್ತು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಎಡಗೈಯಲ್ಲೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕೂತ್ಕೊಳ್ಳಪ್ಪಾ ಎಂದು ಜಾಗ ಕೊಟ್ಟರು. ಮಗಳು ಬಾಗಿಲ ಬಳಿ ಗೋಡೆಗೊರಗಿ ನಿಂತಳು. ನಮ್ಕಡೆಯವರು ಪಕ್ಕದಲ್ಲಿ ಕೂತು, ನೀವು ಬಿದ್ದದ್ದು ನನ್ನಿಂದ ಎಂದರು.

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಡಾಕ್ಟರಾ ಎಂದು ಕೇಳಿದರು. ಅಲ್ಲ, ಕಂಪ್ಯೂಟರಿನ ತಂತಿ ನೋಡಿಕೊಳ್ಳುವವನು ಎಂದರು ಇವರು.

“ಹಾಗಾದ್ರೆ ನಿಂದೇನಪ್ಪಾ ತಪ್ಪು ಇದರಲ್ಲಿ,” ಎಂದರು ಅಜ್ಜಿ. “ಯಂತ್ರ ಕೆಟ್ಟರೆ ನೀನೇನ್ ಮಾಡೋಕಾಗುತ್ತೆ.”

ಇಷ್ಟು ಒಳ್ಳೆಯ ಮಾತನ್ನು ಅವರ ಪರವಾಗಿ ಯಾರೂ ಆಡಿರಲಿಲ್ಲ. ಇದನ್ನೇ ಅವರು ಇಪ್ಪತ್ತಾರು ವರ್ಷ ಪತ್ರಗಳಲ್ಲಿ ಬರೆದು ಬರೆದು ಕೈ ಸವೆಸಿಕೊಂಡಿದ್ದರು. ಹೂಂ ಎಂದು ಎದ್ದುಬಿಟ್ಟರೆ ಸಾಕ್ಷಿಗೆ ಮಗಳೂ ಇದ್ದಳು. ಅವರಿಗೆ ಆ ಕ್ಷಣ ತಮ್ಮ ಮೇಲೆ ಹೇಸಿಗೆ ಅನ್ನಿಸಿತು.

“ಯಂತ್ರ ಕೆಟ್ಟಿರಲಿಲ್ಲ ಅಜ್ಜಿ,” ಎಂದರು. “ಒಂದು ಸಾಲು ತಪ್ಪು ಬರೆದಿದ್ದೆ. ನೀವು ಬೀಳೋಕೆ ಮೂರು ದಿನ ಮುಂಚೆನೇ ನನಗದು ಗೊತ್ತಾಗಿತ್ತು. ಸರಿ ಮಾಡೋಕೆ ಅರ್ಧ ನಿಮಿಷ ಸಾಕಿತ್ತು. ನನ್ನ ತಪ್ಪು ಅಂತ ಗೊತ್ತಾಗಬಾರದು ಅಂತ ಮಾಡಲಿಲ್ಲ.”

ಅಜ್ಜಿ ಊದಿದ ಕೈಯನ್ನು ಎಡಗೈಯಿಂದ ಎತ್ತಿ ಸೆರಗಿನೊಳಗೆ ಸೇರಿಸಿಕೊಂಡರು. ಆಮೇಲೆ ಚೀಲವನ್ನು ಎಳೆದುಕೊಂಡು ಬೆಂಚಿನ ಮೇಲೆ ಅವರಿಂದ ಒಂದಿಷ್ಟು ದೂರ ಸರಿದು ಕೂತರು.